ಆಯಿಯ ಮನೆ, ಎರಡನೇ ಸುತ್ತು: ಎಂಟು ಸಾಲು ಗೋಡೆ

ಸದ್ಯದ ಸ್ಥಿತಿ ಮೊದಲೇ ಹೇಳಿಬಿಡುತ್ತೇನೆ. ಲಿಂಟಲ್, ಅಂದರೆ ಬಾಗಿಲು ಕಿಟಕಿಗಳ ಮೇಲಿನ ಅಡ್ಡತೊಲೆಯ ಮಟ್ಟ ಮುಟ್ಟಲು ಹತ್ತು ಸಾಲು ಬ್ಲಾಕ್ ಬೇಕು, ಎಂಟು ಎದ್ದಿವೆ. ಹತ್ತೂ ಮುಗಿಸಿಯೇ ಬರುತ್ತೇವೆ ಅಂತ ಹೋದ ಸಲ ಜಂಬ ಕೊಚ್ಚಿದ್ದೆ. ಆಗ ಕ್ಯಾಲೆಂಡರ್ ನೋಡಿರಲಿಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ಧಾರವಾಡ, ಹುಬ್ಬಳ್ಳಿಯ ಹನ್ನೊಂದು ಮಂದಿ ನಾವು. ಕಿಲೋಮೀಟರಿಗೆ ಇಷ್ಟು ಅಂತ ಪರಿಚಯದವರಿಂದ ದುಡ್ಡು ಎತ್ತಿ ಸೈಕಲ್ ತುಳಿಯುತ್ತೇವೆ, ಮುಟ್ಟಿದ ಊರಲ್ಲಿ ಮನೆ ಕಟ್ಟುವ ಕೆಲಸಕ್ಕೆ ಇಳಿಯುತ್ತೇವೆ. ಅಮೆರಿಕದಲ್ಲಿ ‘ಬೈಕ್ ಅಂಡ್ ಬಿಲ್ಡ್’ ಅಂತ ಹುಡುಗ ಹುಡುಗಿಯರು ಇಡೀ ದೇಶವನ್ನೇ ಹೀಗೆ ದಾಟಿದ್ದಾರೆ. ನಮ್ಮದು ಧಾರವಾಡದಿಂದ ಮಲಪ್ರಭೆಯ ದಂಡೆಗೆ, ಹೋಗಿ ಬರಲು ಸುಮಾರು 250 ಕಿ.ಮೀ. ಹೊಳೆಆಲೂರಿನ ಕಡೆಯ ಹಳ್ಳಿ. ಅಲ್ಲಿನ ಅಜ್ಜಿಯೊಬ್ಬಳಿಗೆ ಮನೆ ಕಟ್ಟುತ್ತಿದ್ದೇವೆ, ಅವಳೇ ಆಯಿ. 2019ರ ಆಗಸ್ಟಿನ ನೆರೆಯಲ್ಲಿ ಆಯಿಯ ಮಣ್ಣಿನ ಮಾಳಿಗೆ ಮನೆ ನೀರು ಕುಡಿಯಿತು. ಸರ್ಕಾರದವರು ಪರಿಹಾರದ ಸರ್ವೆಗೆ ಬಂದಾಗ ಬಿದ್ದಿದ್ದು ಒಂದೇ ಗೋಡೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ಎಂಬ ಲೆಕ್ಕದಲ್ಲಿ ಆಯಿಯ ಹೆಸರು ಕೆಳಗಿನ ಪಟ್ಟಿ ಸೇರಿತು. ಉಳಿದ ಮೂರು ಗೋಡೆ ಕೂತಿದ್ದು ಆಮೇಲೆ.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಧಾರವಾಡ ಬಿಟ್ಟೆವು. ಚಿಗರಿ ಬಸ್ಸಿಗೆಂದೇ ಮೀಸಲಿಟ್ಟ ಖಾಲಿ ಲೇನ್ ನೋಡಿ ಬಾಯಲ್ಲಿ ನೀರೂರಿದರೂ ಪಕ್ಕದ ರಸ್ತೆಯಲ್ಲೇ ಹುಬ್ಬಳ್ಳಿ ಮುಟ್ಟಿದೆವು. ಅಣ್ಣಿಗೇರಿವರೆಗೆ ರಸ್ತೆ ಸಪಾಟು, ಎರಡೂ ಕಡೆ ಕಡಲೆ, ಜೋಳ. ಆದರೆ ಚಳಿಗಾಲದ ಮೂಡಗಾಳಿ ಎದೆಗೇ ಹೊಡೆಯುತ್ತದೆ. ಒಬ್ಬರ ಹಿಂದೆ ಒಬ್ಬರು ಸಾಲು ಹಿಡಿದು, ಮುಂದಿನವರು ಮೂರು ಮೂರು ಕಿಲೋಮೀಟರಿಗೆ ಹಿಂದೆ ಸರಿಯುತ್ತ ಗದಗ ಸೇರುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಎರಡನೇ ದಿನ ರೋಣದ ದಾರಿಯಲ್ಲಿ ಬರೆಯುವಂಥದ್ದೇನೂ ಆಗಲಿಲ್ಲ.

ಮೂರನೇ ದಿನ ಏಳಕ್ಕೆ ಸರಿಯಾಗಿ ಕೈಗವಸು ಹಾಕಿಕೊಂಡು ಸೈಟಿಗೆ ಹೋದರೆ ಒಂದು ನರಪಿಳ್ಳೆ ಇಲ್ಲ. ಗೋಡೆ ಕಟ್ಟುವ ಗೌಂಡಿಗೆ ಫೋನ್ ಮಾಡಿದೆ.

“ಸಾಹೇಬ್ರ, ಇವತ್ತು ಎಳ್ಳ ಅಮಾಸಿ. ಅಮಾಸಿಗೆ ಯಾರರ ಕರಣಿ ಹಿಡೀತಾರೇನ್ರಿ?”

ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಹನ್ನೊಂದು ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ! ಆಯಿ ಮಾತ್ರ ಖುಷಿಯಾಗಿದ್ದಳು. ನಮ್ಮನ್ನೆಲ್ಲ ಮೈದುನನ ಹೊಲಕ್ಕೆ ಅಟ್ಟಿದಳು. ಹೊಲಕ್ಕೆ ಎಡೆ ಎರಚುವ ಚರಗ ಚೆಲ್ಲುವುದು ಮುಗಿದ ಮೇಲೆ ಜೋಳದ ಬೆಳೆಯ ನಡುವೆ ಕೂತು ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಎರಡು ದಿನ ತುಳಿದು ಕರಗಿಸಿದ್ದು ಒಂದೇ ಊಟಕ್ಕೆ ವಾಪಸ್ ಬಂತು.

ಹೀಗಾಗಿ ಮೂರು ದಿನದ ಕೆಲಸಕ್ಕೆ ಉಳಿದದ್ದು ಎರಡೇ ದಿನ. ಹೆಚ್ಚು ಹೊತ್ತು ದುಡಿದು ಸರಿದೂಗಿಸೋಣ ಅಂದರೆ ಗೌಂಡಿ ಒಪ್ಪಲಿಲ್ಲ. ದಿನಕ್ಕೆ ನಾಲ್ಕು, ಬಹಳ ಅಂದರೆ ಐದು ಸಾಲು. ಅದರ ಮೇಲೆ ಏರಿಸಿದರೆ ಕೆಳಗಿನ ಹಸಿ ಮಾಲು (ಸಿಮೆಂಟ್ ಗಾರೆ) ಭಾರ ತಾಳದೆ ಗೋಡೆ ಓಲುತ್ತದೆ.

ಮೊದಲ ತಪ್ಪು ನನ್ನದೇ. ಇಟ್ಟಂಗಿಯನ್ನು ನೀರಲ್ಲಿ ನೆನೆಸಿ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನಲ್ಲ, ಆ ಜಾಣತನದಲ್ಲಿ ಮೂವತ್ತು ಸಿಮೆಂಟ್ ಬ್ಲಾಕುಗಳನ್ನು ಡ್ರಮ್ಮಿನ ನೀರಲ್ಲಿ ಮುಳುಗಿಸಿಟ್ಟೆ. ಒಂದೊಂದೂ ಇಪ್ಪತ್ತು ಕಿಲೋ ಮೇಲೆ, ಸೊಂಟ ಬಿದ್ದುಹೋಗಿತ್ತು. ಗೌಂಡಿ ಹಣೆ ಹಣೆ ಬಡಿದುಕೊಂಡ. “ಇಟ್ಟಂಗಿ ಅಲ್ರೀ ಅದು! ಇದು ನೀರ್ ಕುಡದ್ರ ಹಿಗ್ಗತೈತಿ, ಗ್ವಾಡ್ಯಾಗ ಒಣಗಿದ್ರ ಕುಗ್ಗಿ ಸೀಳತೈತಿ. ಮ್ಯಾಲ ಒಂಚೂರು ನೀರು ಚಿಮುಕಿಸಿದ್ರ ಸಾಕು.” ಮೂವತ್ತನ್ನೂ ಮತ್ತೆ ಹೊತ್ತು ಬಿಸಿಲಿಗೆ ಹರವಿದೆ. ಸಂಜೆ ಹೊತ್ತಿಗೆ ಕರಣಿ ಕೈಗೆ ಕೊಟ್ಟರು. ನಾನು ಇಟ್ಟ ಮೂರು ಬ್ಲಾಕಿನ ಪಕ್ಕ ತೂಗುಗುಂಡು ಇಳಿಬಿಟ್ಟಾಗ ದಾರಕ್ಕೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದಿ. ಮಾತಿಲ್ಲದೆ ಮೂರನ್ನೂ ಕಿತ್ತಿಟ್ಟ. ಮರುದಿನ ಪೂರ್ತಿ ನನ್ನ ಪಾಲಿಗೆ ಮಾಲು ಕಲಸುವ ಕೆಲಸ: ಒಂದು ಬುಟ್ಟಿ ಸಿಮೆಂಟಿಗೆ ಆರು ಬುಟ್ಟಿ ಉಸುಕು.

ನಿಜ ಹೇಳಬೇಕೆಂದರೆ ನಾವು ಹನ್ನೊಂದು ಮಂದಿ ಮಾಡಿದ್ದನ್ನು ನಾಲ್ಕು ಆಳು ಮಾಡುತ್ತಿದ್ದರು, ಅದೂ ಬೈಸಿಕೊಳ್ಳದೆ. ದುಡ್ಡು ಕಳಿಸಿ ಮನೆಯಲ್ಲಿರಬಾರದೇ ಎಂದು ನಮ್ಮಣ್ಣ ಕೇಳಿದ್ದು ತಪ್ಪಲ್ಲ. ಆದರೆ ಅಕ್ಟೋಬರಿನ ಮೊದಲ ಸುತ್ತಿನಲ್ಲಿ ಪಾಯಾ ಅಗೆದಾಗ ಲೆಕ್ಕ ಬೇರೆಯಾಗಿತ್ತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕೂರಿಸಿದ ಗೋಡೆಯೂ ಹಾಗೇ ಬಿರಿಯುತ್ತದೆ. ಗರಸು, ಅಂದರೆ ಕೆಳಗಿನ ಗಟ್ಟಿ ಪದರ, ಸಿಗುವವರೆಗೆ ಇಳಿಯಲೇಬೇಕು. ಎಸ್ಟಿಮೇಟಿನಲ್ಲಿ ಮೂರು ಅಡಿ ಬರೆದಿತ್ತು, ಗರಸು ಸಿಕ್ಕಿದ್ದು ಐದೂವರೆಗೆ. ಹೆಚ್ಚಿನ ಎರಡೂವರೆ ಅಡಿಗೆ ಕೂಲಿ ಕೊಡುವ ದುಡ್ಡು ನಮ್ಮ ಬಳಿ ಇರಲಿಲ್ಲ, ತೋಳಿತ್ತು. ಗುದ್ದಲಿಗೆ ತೂಗುಗುಂಡಿನ ಕಾಟವೂ ಇಲ್ಲ. ಮುಂದಿನ ಮನೆ ಹಿಡಿದರೆ ಪಾಯಾ ನಮ್ಮದು, ಗೋಡೆ ಗೌಂಡಿಯದು ಅಂತ ಮೊದಲೇ ಮಾತಾಡಿಕೊಳ್ಳಬೇಕು.

ಬರುವಾಗ ನರಗುಂದ, ನವಲಗುಂದದ ದಾರಿ, ಬೆನ್ನಿಗೆ ಗಾಳಿ. ಹಾಗೇ ಹೆದ್ದಾರಿ ಹಿಡಿದಿದ್ದರೆ ಆರಾಮವಾಗಿ ಬರುತ್ತಿದ್ದೆವು. ಕಾಲುವೆ ಪಕ್ಕದ ಮಣ್ಣುದಾರಿ ಹತ್ತಿರ ಅಂದವನ ಮಾತು ಕೇಳಿ ನಾಲ್ಕು ಕಿಲೋಮೀಟರಿನಲ್ಲಿ ಏಳು ಪಂಕ್ಚರ್, ಎಲ್ಲ ಜಾಲಿ ಮುಳ್ಳಿನ ಕೃಪೆ. ಪ್ಯಾಚ್ ಇತ್ತು, ಸೊಲ್ಯೂಷನ್ ಇತ್ತು, ನಮ್ಮ ಪಂಪ್ ಮಾತ್ರ ಮೂರನೇ ಟ್ಯೂಬಿಗೇ ಕೈ ಕೊಟ್ಟಿತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದವರೊಬ್ಬರು ಪಂಪ್ ಕೊಟ್ಟರು. ಅದು ನಮ್ಮ ಟ್ಯೂಬುಗಳ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಕೂರಲಿಲ್ಲ. ದಪ್ಪ ವಾಲ್ವಿನ ಹಳೇ ಅಟ್ಲಾಸ್ ಸೈಕಲ್ಲಿನವನು ಹಲ್ಲು ಕಿರಿಯುತ್ತ ಗಾಳಿ ತುಂಬಿಕೊಂಡು ನವಲಗುಂದಕ್ಕೆ ಅಡಾಪ್ಟರ್ ಹುಡುಕಲು ಹೋದ. ಎರಡು ರೂಪಾಯಿಯ ವಾಷರಿನಂಥ ವಸ್ತುವಿಗೆ ಎರಡು ತಾಸು. ಬೆಣ್ಣಿಹಳ್ಳ ದಾಟುವಾಗ ಕತ್ತಲಾಗಿತ್ತು.

ಮುಂದಿನ ಸುತ್ತು ಶಿವರಾತ್ರಿಯ ನಂತರ, ಅಮಾಸಿ ನೋಡಿಕೊಂಡು. ಅಷ್ಟರಲ್ಲಿ ಉಳಿದೆರಡು ಸಾಲು, ಲಿಂಟಲ್ ಗೌಂಡಿಯೇ ಮುಗಿಸುತ್ತಾನೆ. ಸ್ಲ್ಯಾಬಿನ ಕಬ್ಬಿಣಕ್ಕೆ ದುಡ್ಡು ಇನ್ನೂ ಅರ್ಧ ಬಂದಿಲ್ಲ. ಸ್ಲ್ಯಾಬಿನಲ್ಲಿ ಹಳೇ ಮಾಳಿಗೆಯ ಹಾಗೆ ಬೆಳಕಿಂಡಿ ಬೇಕೇ ಬೇಕು ಅಂತ ಆಯಿಯ ಹಟ. ಗೌಂಡಿ ಸೋರುತ್ತದೆ ಅನ್ನುತ್ತಾನೆ, ತೀರ್ಮಾನ ಆಗಿಲ್ಲ.

ಗೋಡೆಗೆ ಏಳು ದಿನ ನೀರು ಹೊಡೆಯುವ ಹೊಣೆ ಆಯಿಯದು. ದಿನಾ ಸಂಜೆ ಮೊಮ್ಮಗ ಒದ್ದೆ ಗೋಡೆಯ ಫೋಟೋ ಕಳಿಸುತ್ತಾನೆ. ನಿನ್ನೆಯ ಫೋಟೋದಲ್ಲಿ ಬಾಗಿಲ ಮುಂದೆ ಬಿದ್ದ ಮನೆಯ ಕಲ್ಲುಗಳು ಉದ್ದಕ್ಕೆ ಜೋಡಿಸಿದ್ದವು. ಏನಿದು ಅಂತ ಕೇಳಿದೆ. “ಆಯಿ ಕೂಡಾಕ ಕಟ್ಟಿ ಬೇಕಂತ್ರಿ.” ನಮ್ಮ ಪ್ಲಾನಿನಲ್ಲಿ ಕಟ್ಟೆ ಇರಲಿಲ್ಲ.