ವಿಜಯಪುರದಲ್ಲಿ ಒಳ್ಳೆಯ ರೆಡ್ ವೈನ್ ಕೊಳ್ಳುವವರಿಗೆ

ಬೆಳಗಾವಿಯಿಂದ ಅಥಣಿ, ತಿಕೋಟಾ ಮಾರ್ಗವಾಗಿ ವಿಜಯಪುರಕ್ಕೆ ಹೋಗುವುದಾದರೆ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಆಗ ದ್ರಾಕ್ಷಿ ಕಟಾವು ನಡೆದಿರುತ್ತದೆ. ನಾವು ಹೋದದ್ದೂ ಆಗಲೇ. ದ್ರಾಕ್ಷಿಯ ಊರಿನಲ್ಲಿ ಒಳ್ಳೆಯ ರೆಡ್ ವೈನ್ ಅಗ್ಗಕ್ಕೆ ಸಿಗದೆ ಇನ್ನೆಲ್ಲಿ ಸಿಕ್ಕೀತು ಎಂದು ಭಾವ ದಾರಿಯುದ್ದಕ್ಕೂ ಹೇಳುತ್ತಿದ್ದರು.

ತಿಕೋಟಾ ಬಳಿಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಇಳಿದಾಗ ಅವರಿಗೆ ಉತ್ತರ ಸಿಕ್ಕಿತು. ನೆರಳು ಪರದೆಯ ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹಸಿರು ಗೊಂಚಲುಗಳನ್ನು ಹರಡಿದ್ದರು. ಕೆಳಗಿನ ಸಾಲಿನ ಹಣ್ಣು ಆಗಲೇ ಸುಕ್ಕುಗಟ್ಟಿ ಹೊಂಬಣ್ಣಕ್ಕೆ ತಿರುಗಿತ್ತು. ಈ ಭಾಗದಲ್ಲಿ ಹೆಚ್ಚಾಗಿ ಬೆಳೆಯುವುದು ಬೀಜವಿಲ್ಲದ ಥಾಮ್ಸನ್ ಜಾತಿ. ತಿನ್ನಲು ಮತ್ತು ಒಣಗಿಸಲು ಅದು ಸೊಗಸು. ರೆಡ್ ವೈನಿಗೆ ಬಣ್ಣ, ಒಗರು ಎರಡೂ ಬರುವುದು ಕಪ್ಪು ದ್ರಾಕ್ಷಿಯ ಸಿಪ್ಪೆಯಿಂದ. ಅದಕ್ಕೆ ಕ್ಯಾಬರ್ನೆ ಸೊವಿನ್ಯೋ, ಶಿರಾಜ್‌ನಂಥ ತಳಿಗಳೇ ಬೇಕು. ಹಾಗಾಗಿ ಇಲ್ಲಿಂದ ಒಣದ್ರಾಕ್ಷಿಯನ್ನು ಧಾರಾಳವಾಗಿ ಕೊಳ್ಳಿ, ವೈನನ್ನು ನೋಡಿ ಕೊಳ್ಳಿ.

ಊರಿನ ಮದ್ಯದಂಗಡಿಗಳಲ್ಲಿ ವೈನಿಗೆ ಇರುವುದು ಒಂದು ಮೂಲೆ ಮಾತ್ರ. ನಾನು ಮೊದಲು ನೋಡುವುದು ಬೆಲೆಯನ್ನಲ್ಲ, ಬಾಟಲಿ ಎಲ್ಲಿ ನಿಂತಿದೆ ಎಂಬುದನ್ನು. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವು ವೈನನ್ನು ಕೆಡಿಸುತ್ತದೆ. ಒಂದು ಅಂಗಡಿಯಲ್ಲಿ ಗಾಜಿನ ಬಾಗಿಲಿಗೆ ಎದುರಾಗಿದ್ದ ಹಲಗೆಯಿಂದ ಬಾಟಲಿ ಇಳಿಸಿಕೊಟ್ಟರು. ಕೈಯಲ್ಲಿ ಹಿಡಿದರೆ ಬೆಚ್ಚಗಿತ್ತು. ಬಿರಡೆ ಕೂದಲೆಳೆಯಷ್ಟು ಮೇಲೆದ್ದು, ಕತ್ತಿನ ಸುತ್ತ ಅಂಟಂಟು ಕಲೆ ಒಣಗಿತ್ತು. ಅಂಥದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಎಸಿ ಇರುವ ಅಥವಾ ವೈನನ್ನು ತಂಪು ಪೆಟ್ಟಿಗೆಯಲ್ಲಿಟ್ಟಿರುವ ಅಂಗಡಿಯನ್ನೇ ಹುಡುಕಿ. ಸಾಧಾರಣ ಬೆಲೆಯ ಬಾಟಲಿಗೆ ತಿರುಪು ಮುಚ್ಚಳವಿದ್ದರೆ ಹಿಂಜರಿಯಬೇಕಿಲ್ಲ, ಗುಣಮಟ್ಟಕ್ಕೆ ಅದರಿಂದ ಕುಂದಿಲ್ಲ.

ಲೇಬಲ್ಲಿನಲ್ಲಿ ದ್ರಾಕ್ಷಿಯ ತಳಿ, ಕಟಾವಿನ ವರ್ಷ ಎರಡೂ ಇರಲಿ. ಸಾಧಾರಣ ಬೆಲೆಯ ವೈನ್ ವರ್ಷಗಟ್ಟಲೆ ಇಟ್ಟಷ್ಟೂ ರುಚಿಗಟ್ಟುವಂಥದ್ದಲ್ಲ. ಎರಡು ಮೂರು ವರ್ಷದೊಳಗಿನದನ್ನೇ ಆರಿಸಿ. ತೀರಾ ಅಗ್ಗಕ್ಕೆ ಸಿಗುವ ಪೋರ್ಟ್ ವೈನ್ ಸಿಹಿ ಪಾನೀಯ, ಊಟದ ಜೊತೆ ಹೊಂದುವುದಿಲ್ಲ. ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ, ನೆರೆಯ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಕಡೆಯ ಫ್ರಾಟೆಲ್ಲಿ, ನಾಸಿಕ್‌ನ ಸುಲಾ, ಈ ಮೂರು ವೈನ್ ಕಂಪನಿಗಳ ಕಡಿಮೆ ಬೆಲೆಯ ಶಿರಾಜ್ ಅಥವಾ ಕ್ಯಾಬರ್ನೆ ನಮ್ಮಂಥವರಿಗೆ ಸಾಕು. ವಿದೇಶಿ ಬಾಟಲಿಗೆ ಕೊಡುವ ಹಣದಲ್ಲಿ ದೊಡ್ಡದೊಂದು ಪಾಲು ಸುಂಕಕ್ಕೇ ಹೋಗುತ್ತದೆ. ರಾಜ್ಯ ಸರ್ಕಾರದ ಸಂಸ್ಥೆಯಾದ ಎಂಎಸ್‌ಐಎಲ್‌ನ ಮಳಿಗೆಯಲ್ಲಿ ಆಯ್ಕೆ ಕಡಿಮೆಯಿದ್ದರೂ ಮುದ್ರಿತ ಬೆಲೆಗೇ ಕೊಡುತ್ತಾರೆ, ರಸೀದಿ ಕೇಳಿ ಪಡೆಯಿರಿ. ಅಗ್ಗವೆಂದು ಗೋವಾದಿಂದಲೋ ಮಹಾರಾಷ್ಟ್ರದಿಂದಲೋ ತರುವ ಯೋಚನೆ ಬೇಡ. ಪರವಾನಗಿಯಿಲ್ಲದೆ ಗಡಿ ದಾಟಿಸಿದರೆ ಅಬಕಾರಿ ಪ್ರಕರಣವಾಗುತ್ತದೆ. ಅಕ್ಟೋಬರ್ 2ರಂದು, ಮತದಾನದ ಹೊತ್ತಿನಲ್ಲಿ ಅಂಗಡಿಗಳೇ ಮುಚ್ಚಿರುತ್ತವೆ.

ಗೋಲಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಮುಗಿಸಿದ ಮೇಲೆ, ಸಂಜೆ ಕೊಳ್ಳುವುದು ಲೇಸು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಾಟಲಿ ಬಿಡಬೇಡಿ. ತಂಗಿದಲ್ಲಿ ಫ್ರಿಜ್ ಇದ್ದರೆ ಅರ್ಧ ಗಂಟೆ ಇಟ್ಟು ತೆರೆಯಿರಿ, ನಮ್ಮ ಕೋಣೆಗಳ ಬಿಸಿಗೆ ರೆಡ್ ವೈನ್ ಬರೀ ಘಾಟು ಹೊಡೆಯುತ್ತದೆ. ಉಳಿದರೆ ಮುಚ್ಚಳ ಬಿಗಿದು ಮತ್ತೆ ಫ್ರಿಜ್ಜಿಗೆ, ಮೂರು ದಿನದೊಳಗೆ ಮುಗಿಸಿ. ವಾಹನ ಓಡಿಸುವವರು ಊರು ಮುಟ್ಟುವವರೆಗೆ ಮುಟ್ಟಬಾರದು.