ದೋಣಿ ಎಲ್ಲಿ ಪಾರ್ಕ್ ಮಾಡ್ತೀರಾ?

ಅದು ಪಾರ್ಕಿಂಗ್ ಅಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್‌ನಲ್ಲಿ. ನನ್ನ ಹತ್ತಿರ ಒಂದು ಹಳೆಯ ಹಾಯಿದೋಣಿ ಇದೆ. ಇದು ಗೊತ್ತಾದವರೆಲ್ಲ, ಊರಿನಿಂದ ಫೋನ್ ಮಾಡುವ ನೆಂಟರೂ ಸೇರಿ, ಒಂದೇ ಮಾತು ಕೇಳುತ್ತಾರೆ. ಎಲ್ಲಿ ಪಾರ್ಕ್ ಮಾಡ್ತೀರಾ? ವರ್ಷಕ್ಕೆ ಎಷ್ಟು ಕೊಡ್ತೀರಾ? ಮನೆ ಹತ್ತಿರ ಅಗ್ಗದ ಜಾಗ ಹೇಗೆ ಸಿಕ್ತು, ನಮಗೂ ಹೇಳಿ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಒಂದು ಯುಗಾದಿ ಊಟದ ದಿನ ನಡೆದದ್ದು ಇನ್ನೂ ಮನಸ್ಸಿನಲ್ಲಿ ಕೂತಿದೆ. ಪಕ್ಕದಲ್ಲಿ ಕೂತಿದ್ದವರು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ ಇದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ಬಿಡಿ, ಅದೆಲ್ಲ ದುಡ್ಡಿದ್ದವರ ಆಟ" ಎಂದು ತಾವೇ ಉತ್ತರ ಕೊಟ್ಟುಕೊಂಡರು. ಅವರ ಕಾರು ನನ್ನ ದೋಣಿಯ ಹತ್ತು ಪಟ್ಟು ಬೆಲೆಯದು. ಅವತ್ತು ಸುಮ್ನಿದ್ದೆ. ಇವತ್ತು ಲೆಕ್ಕ ಕೊಡುತ್ತೇನೆ.

ದೋಣಿಗೆ ನಾನು ಕೊಟ್ಟದ್ದು 2,500 ಪೌಂಡ್. ಅದು ವೆಸ್ಟರ್ಲಿ ಸೆಂಟಾರ್ ಎಂಬ 26 ಅಡಿಯ ದೋಣಿ. 1969ರಲ್ಲಿ ಶುರುವಾದ ಮಾದರಿ, ಎರಡು ಸಾವಿರಕ್ಕೂ ಜಾಸ್ತಿ ಕಟ್ಟಿದ್ದಾರೆ, ಹಾಗಾಗಿ ಹಳೆಯವು ಇವತ್ತಿಗೂ ಕಡಿಮೆ ಬೆಲೆಗೆ ಸಿಗುತ್ತವೆ. ಈಗ ಮರೀನಾಗೆ, ಅಂದರೆ ದೋಣಿ ಕಟ್ಟಲು ಕಟ್ಟೆಗಳಿರುವ ತಂಗುದಾಣಕ್ಕೆ, ಹೋಗಿ ಕೇಳಿ. ಅಲ್ಲಿ ಉದ್ದಕ್ಕೆ ತಕ್ಕ ಬಾಡಿಗೆ, ಮೀಟರಿಗೆ ಇಷ್ಟು ಅಂತ. ನನ್ನ ಎಂಟು ಮೀಟರಿನ ದೋಣಿಗೆ ವರ್ಷಕ್ಕೆ 5,000 ಪೌಂಡಿಗಿಂತ ಜಾಸ್ತಿ ಹೇಳಿದರು. ದೋಣಿಯ ಬೆಲೆಯ ಎರಡು ಪಟ್ಟು, ಅದೂ ಪ್ರತಿ ವರ್ಷ. ಆ ದುಡ್ಡಿಗೆ ನಡೆದುಕೊಂಡೇ ದೋಣಿ ಹತ್ತಬಹುದು, ಕರೆಂಟು ನೀರು ಸಿಗುತ್ತದೆ, ಸ್ನಾನಕ್ಕೆ ಬಿಸಿನೀರಿರುತ್ತದೆ. ಒಳ್ಳೆಯದೇ. ನನ್ನ ಕೈಗೆ ಎಟುಕುವುದಿಲ್ಲ, ಅಷ್ಟೇ.

ಹಾಗಾದರೆ ನದೀಲಿ ಎಲ್ಲಾದರೂ ಕಟ್ಟಿಹಾಕಿ ಎನ್ನುತ್ತಾರೆ ಊರಿನವರು. ನಾನು ಗಂಗೊಳ್ಳಿ ಕಡೆಯವರ ಮಗು. ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಪಂಚಗಂಗಾವಳಿಯ ಅಳಿವೆ ನೋಡಿ ಬೆಳೆದವರಿಗೆ ಆ ಮಾತು ಸಹಜ. ಅಲ್ಲಿ ಹಿತ್ತಲ ತೆಂಗಿನ ಬುಡಕ್ಕೆ ಹಗ್ಗ ಸುತ್ತಿ ಪಾತಿ ದೋಣಿ ಬಿಟ್ಟರೆ ಆಯಿತು. ಇಲ್ಲಿ ಸಮುದ್ರದ ತಳಕ್ಕೂ ಯಜಮಾನರಿದ್ದಾರೆ. ತೀರದಿಂದ 12 ನಾಟಿಕಲ್ ಮೈಲಿವರೆಗೆ ತಳದ ಬಹುಪಾಲು ಕ್ರೌನ್ ಎಸ್ಟೇಟ್ ಎಂಬ ರಾಜಸಿಂಹಾಸನದ ಆಸ್ತಿ ಸಂಸ್ಥೆಯದು. ಬಂದರಿನೊಳಗೆ ಬಂದರು ಮಂಡಳಿಯ ಪರವಾನಗಿ ಬೇಕು, ದೋಣಿಗೆ ವಿಮೆ ಬೇಕು. ಕಂಡಲ್ಲಿ ಲಂಗರು ಬಿಟ್ಟು ಮನೆಗೆ ಹೋಗಲು ಆಗುವುದಿಲ್ಲ.

ಉಳಿಯುವುದು ಮೂರಿಂಗ್. ತಳದ ಕೆಸರಿನಲ್ಲಿ ಹೂತ ದೊಡ್ಡ ಕಾಂಕ್ರೀಟ್ ದಿಮ್ಮಿ, ಅದಕ್ಕೊಂದು ದಪ್ಪ ಸರಪಳಿ, ಸರಪಳಿಯ ತುದಿಗೆ ತೇಲುವ ಬುರುಡೆ. ದೋಣಿಯ ಮೂತಿಯನ್ನು ಅದಕ್ಕೆ ಕಟ್ಟಿದರೆ ಗಾಳಿ, ನೀರು ತಿರುಗಿದಂತೆ ದೋಣಿಯೂ ತಿರುಗುತ್ತದೆ. ಆಳ ನೀರಿನಲ್ಲಿರುವ ಮೂರಿಂಗ್‌ಗೆ ಬೆಲೆ ಜಾಸ್ತಿ, ಸರದಿ ಪಟ್ಟಿಯೂ ಉದ್ದ. ಇಳಿತಕ್ಕೆ ಒಣಗಿ ಕೆಸರಾಗುವ ಜಾಗದ ಮೂರಿಂಗ್ ಅಗ್ಗ. ನನ್ನದು ಒಣಗುವ ಜಾಗ. ಲ್ಯಾಂಗ್‌ಸ್ಟನ್ ಹಾರ್ಬರಿನ ಪಶ್ಚಿಮದ ಅಂಚಿನಲ್ಲಿ, ಮಿಲ್ಟನ್ ಕಡೆ, ನನ್ನ ಮನೆಯಿಂದ ಹನ್ನೆರಡು ನಿಮಿಷದ ನಡಿಗೆ. ಎಲ್ಲ ಸೇರಿ ವರ್ಷಕ್ಕೆ ಸುಮಾರು 500 ಪೌಂಡ್ ಆಗುತ್ತದೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಆದರೆ ಈ ಉತ್ತರ ಹೇಳಿದ ಕೂಡಲೇ "ಅಯ್ಯೋ ಇಷ್ಟೇನಾ, ನಾನೂ ಒಂದು ತಗೋತೀನಿ" ಅನ್ನುತ್ತಾರೆ. ಅಲ್ಲಿ ನನಗೆ ಕೋಪ ಬರುತ್ತದೆ. ಯಾವ ದೋಣಿ ತಗೋತೀರಿ? ಬಹಳ ಜನ ಮೊದಲು ದೋಣಿ ಕೊಳ್ಳುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ. ಅದು ತಿರುಗಾಮುರುಗಾ. ದೋಣಿಯ ತಳದಿಂದ ಕೆಳಕ್ಕೆ ಚಾಚಿರುವ ಭಾರದ ರೆಕ್ಕೆಗೆ ಕೀಲ್ ಅಂತಾರೆ; ಒಂದೇ ಉದ್ದನೆಯ ಕೀಲ್ ಇರುವ ದೋಣಿಯನ್ನು ನನ್ನ ಜಾಗದಲ್ಲಿ ಕಟ್ಟಿದರೆ ನೀರಿಳಿದಾಗ ಅದು ಪಕ್ಕಕ್ಕೆ ಮಗುಚಿ ಮಲಗುತ್ತದೆ. ಸೆಂಟಾರ್‌ಗೆ ಹೊಟ್ಟೆಯ ಕೆಳಗೆ ಎರಡು ಕೀಲ್. ನೀರು ಹೋದರೆ ಎರಡು ಕಾಲೂರಿ ಎಮ್ಮೆ ಹಾಗೆ ನೆಟ್ಟಗೆ ನಿಂತಿರುತ್ತದೆ. ತೇಲಲು ಮೂರಡಿ ನೀರು ಸಾಕು. ನಾನು ಜಾಗ ನೋಡಿಟ್ಟುಕೊಂಡು, ಆ ಜಾಗಕ್ಕೆ ಹೊಂದುವ ದೋಣಿ ತಂದೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಹಾಗೆ ಆಗಲಿಲ್ಲ. ದೋಣಿ ಮೊದಲು ಬಂತು, ಮತ್ತು ಅದರ ಬೆಲೆ ಒಂದು ರಾತ್ರಿ ತೆತ್ತೆ.

ಮೊದಲ ಎರಡು ವರ್ಷ ದೋಣಿ ಇದ್ದದ್ದು ಬೇರೆ ಕಡೆ. ಮನೆಯಿಂದ ಒಂದೂಕಾಲು ಗಂಟೆ ಕಾರಿನ ದಾರಿ. ಇಲ್ಲಿಗಿಂತ 200 ಪೌಂಡ್ ಕಡಿಮೆ. ಆ 200 ಪೌಂಡು ಉಳಿಸಿದೆ ಎಂದು ತುಂಬ ಖುಷಿಪಟ್ಟಿದ್ದೆ. 2022ರ ಫೆಬ್ರವರಿ 18, ಶುಕ್ರವಾರ, ಯೂನಿಸ್ ಬಿರುಗಾಳಿ ಬಂತು. ವೈಟ್ ದ್ವೀಪದ ತುದಿಯ ನೀಡಲ್ಸ್‌ನಲ್ಲಿ ಗಾಳಿಯ ವೇಗ ಗಂಟೆಗೆ 122 ಮೈಲಿ ಮುಟ್ಟಿತು. ಹೊರಗೆ ಹೋಗಬೇಡಿ ಎಂದು ರೇಡಿಯೋ ಹೇಳುತ್ತಲೇ ಇತ್ತು. ದೋಣಿ ಹತ್ತಿರದಲ್ಲಿದ್ದರೆ ದಡಕ್ಕೆ ನಡೆದು ಹೋಗಿ ನೋಡಿಯಾದರೂ ಬರುತ್ತಿದ್ದೆ. ಕಾರು ತೆಗೆಯಲು ಆಗಲಿಲ್ಲ. ಇಡೀ ರಾತ್ರಿ ಕಿಟಕಿ ಹತ್ತಿರ ಕೂತು ಹಗ್ಗದ ಬಗ್ಗೆ ಯೋಚಿಸಿದೆ. ಹಗ್ಗ ದೋಣಿಯ ಮೂತಿಗೆ ಉಜ್ಜುವ ಕಡೆ ರಬ್ಬರಿನ ಪೈಪು ಹಾಕಬೇಕಿತ್ತು. ಮುಂದಿನ ವಾರ ಹಾಕೋಣ ಅಂದುಕೊಂಡಿದ್ದೆ. ದೂರ ಅಲ್ವಾ, ಎಲ್ಲವೂ ಮುಂದಿನ ವಾರವೇ.

ಮಾರನೆಯ ದಿನ ಹೋದಾಗ ದೋಣಿ ಇದ್ದ ಜಾಗದಲ್ಲೇ ಇತ್ತು. ಹಗ್ಗ ಕೈಗೆ ತಗೊಂಡು ನೋಡಿದೆ. ಮೂರು ಎಳೆಯ ಹಗ್ಗ. ಎರಡು ಎಳೆ ತುಂಡಾಗಿ ಬಿರುಸಾಗಿ ನಿಂತಿದ್ದವು. ಒಂದು ಎಳೆ ಉಳಿದಿತ್ತು. ಆ ಎಳೆ ಹೋಗಿದ್ದರೆ ನನ್ನ ದೋಣಿ ಮಾತ್ರವಲ್ಲ, ಹಿಂದೆ ಕಟ್ಟಿದ್ದ ನಾಲ್ಕು ಜನರ ದೋಣಿಗಳೂ ಹೋಗುತ್ತಿದ್ದವು. ಆ ತುಂಡನ್ನು ಕತ್ತರಿಸಿ ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೇನೆ.

ಆಮೇಲೆ ಅಗ್ಗ ಅನ್ನುವ ಮಾತು ಬಿಟ್ಟು ಹತ್ತಿರ ಅನ್ನುವ ಮಾತು ಹಿಡಿದೆ. ನೀರಿಳಿದ ಹೊತ್ತಿನಲ್ಲಿ ದಡದುದ್ದಕ್ಕೂ ನಡೆದೆ. ಯಾವ ಬುರುಡೆ ವರ್ಷವಿಡೀ ಖಾಲಿ ಇದೆ, ಯಾವುದಕ್ಕೆ ಹಸಿರು ಪಾಚಿ ಹಿಡಿದಿದೆ ನೋಡಿದೆ. ದಡದಲ್ಲಿ ದೋಣಿಗೆ ಬಣ್ಣ ಹೊಡೆಯುತ್ತಿದ್ದ ಮುದುಕರ ಜೊತೆ ಕೂತು ಚಹಾ ಕುಡಿದೆ. ಸರದಿ ಪಟ್ಟಿಯಲ್ಲಿ ಹೆಸರು ಬರೆಸಿದ್ದಷ್ಟೇ ಅಲ್ಲ, ಆರು ತಿಂಗಳಿಗೊಮ್ಮೆ ಹೋಗಿ ನಾನಿನ್ನೂ ಇದ್ದೇನೆ ಎಂದು ಮುಖ ತೋರಿಸಿದೆ. ಫೋನಿನಲ್ಲಿ ಕೇಳಿದವರಿಗೆ ಸಿಗುವ ಜಾಗವಲ್ಲ ಇದು. ಜಾಗ ಸಿಕ್ಕಮೇಲೆ ವರ್ಷಕ್ಕೊಮ್ಮೆ ಸರಪಳಿ ಪರೀಕ್ಷೆ ಮಾಡಿಸುತ್ತೇನೆ. ತಳಕ್ಕೆ ಉಜ್ಜಿ ಉಜ್ಜಿ ಕೊಂಡಿಗಳು ಸವೆದು ತೆಳ್ಳಗಾಗುತ್ತವೆ, ಮೇಲಿಂದ ನೋಡಿದರೆ ಕಾಣುವುದಿಲ್ಲ. ಅದಕ್ಕೆ ದುಡ್ಡು ಉಳಿಸಬೇಡಿ.

ಸರಿ. ಈಗ ಯಾರೂ ಕೇಳದ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೇನೆ. ದೋಣಿ ಕೆಸರಿನಿಂದ ಮೇಲೇಳುವಾಗ ಹೇಗಿರುತ್ತದೆ? ಇದನ್ನು ಯಾರಾದರೂ ಕೇಳಲಿ ಎಂದು ಎಷ್ಟು ದಿನದಿಂದ ಕಾಯುತ್ತಿದ್ದೇನೆ.

ನನ್ನ ಜಾಗದಲ್ಲಿ ಉಬ್ಬರದ ಮೂರು ಗಂಟೆ ಮುಂಚೆ, ಮೂರು ಗಂಟೆ ಆಮೇಲೆ ಮಾತ್ರ ದೋಣಿ ತೇಲುತ್ತದೆ. ಉಳಿದ ಹೊತ್ತು ಕೆಸರು. ಕಾಲಿಟ್ಟರೆ ಮೊಣಕಾಲುವರೆಗೆ ಹೂತುಹೋಗುವ ಕೆಸರು. ಹಾಗಾಗಿ ನನಗೆ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಅಮ್ಮ ಪ್ರತಿ ವರ್ಷ ಊರಿನಿಂದ ಕಳಿಸುವ ಕ್ಯಾಲೆಂಡರ್ ಗೋಡೆಯಲ್ಲಿದೆ. ಈ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನಡುಮಧ್ಯಾಹ್ನಕ್ಕೆ ನೀರು ತುಂಬುತ್ತದೆ, ಅದೂ ದೊಡ್ಡ ಉಬ್ಬರ, ನಾಲ್ಕು ಮೀಟರು ಏರಿ ಇಳಿಯುತ್ತದೆ, ನಮ್ಮೂರಿನಲ್ಲಿ ಅದರ ಅರ್ಧವೂ ಇಲ್ಲ. ಅಷ್ಟಮಿ ಹೊತ್ತಿಗೆ ಬೆಳಗ್ಗೆ, ಸಂಜೆ ನೀರು ತುಂಬುತ್ತದೆ, ಮಧ್ಯಾಹ್ನ ಕೆಸರು. ಅಮ್ಮ ಏಕಾದಶಿ ನೋಡುವ ಕ್ಯಾಲೆಂಡರಿನಲ್ಲಿ ನಾನು ಹಾಯಿ ಬಿಚ್ಚುವ ದಿನ ನೋಡುತ್ತೇನೆ. ಅವರಿಗೆ ಇದನ್ನು ಹೇಳಿದಾಗ ತುಂಬ ಹೊತ್ತು ನಕ್ಕರು. ಆಮೇಲೆ ಎರಡು ಕ್ಯಾಲೆಂಡರ್ ಕಳಿಸಲು ಶುರುಮಾಡಿದರು, ಒಂದು ದೋಣಿಗೆ.

ಒಮ್ಮೊಮ್ಮೆ ಹಿಂದಿನ ಉಬ್ಬರದಲ್ಲೇ ಹೋಗಿ ದೋಣಿಯೊಳಗೆ ಮಲಗುತ್ತೇನೆ. ಸುತ್ತ ಕೆಸರು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೈಬೀರಿಯಾದ ಕಡೆಯಿಂದ ಬಂದ ಬ್ರೆಂಟ್ ಹೆಬ್ಬಾತುಗಳು ಹತ್ತಿರದಲ್ಲೇ ಗೊಣಗುತ್ತಾ ಹುಲ್ಲು ಕೀಳುತ್ತಿರುತ್ತವೆ. ನೀರು ಬರುವುದು ಕಾಣುವುದಿಲ್ಲ, ಕೇಳುತ್ತದೆ. ಮೊದಲು ಚಿಟಿಚಿಟಿ ಸದ್ದು. ಆಮೇಲೆ ಕೀಲಿನ ಹತ್ತಿರ ಗುಳುಗುಳು. ಆಮೇಲೆ ಒಂದು ಕಡೆ ಸ್ವಲ್ಪ ಎದ್ದು ಮತ್ತೆ ಕೂರುತ್ತದೆ, ಇನ್ನೊಂದು ಕಡೆ ಏಳುತ್ತದೆ. ಗಂಟೆಗಟ್ಟಲೆ ಗೋಡೆಯ ಹಾಗೆ ನಿಂತಿದ್ದ ವಸ್ತು ಒಂದು ಕ್ಷಣಕ್ಕೆ ಮೆತ್ತಗಾಗುತ್ತದೆ. ನೇತುಹಾಕಿದ ಲೋಟ ತೂಗಲು ಶುರುವಾಗುತ್ತದೆ. ದೋಣಿ ತಾನಾಗಿ ಗಾಳಿಯ ಕಡೆ ಮುಖ ತಿರುಗಿಸುತ್ತದೆ. ಪ್ರತಿ ಸಲವೂ ನಾನು ಮಾಡುವ ಕೆಲಸ ಬಿಟ್ಟು ಸುಮ್ನೆ ಕೂತು ಅದನ್ನು ಅನುಭವಿಸುತ್ತೇನೆ. ಮರೀನಾದಲ್ಲಿ ಇದು ಸಿಗುವುದಿಲ್ಲ. ಅಲ್ಲಿ ದೋಣಿ ಯಾವಾಗಲೂ ತೇಲುತ್ತಲೇ ಇರುತ್ತದೆ.

ಇನ್ನೂ ಕೇಳುವವರು ಒಂದು ಸಲ ಬಂದುಬಿಡಿ. ಬರುವ ಶನಿವಾರ ಹುಣ್ಣಿಮೆಯ ಮರುದಿನ, ಮಧ್ಯಾಹ್ನ 12:40ಕ್ಕೆ ಉಬ್ಬರ. ಹತ್ತೂಕಾಲಿಗೆ ದಡದಲ್ಲಿರಬೇಕು, ದಡದಿಂದ ನನ್ನ ದೋಣಿಗೆ ಹೋಗುವ ಚಿಕ್ಕ ದೋಣಿಯಲ್ಲಿ ಮೂರೇ ಜನ ಹಿಡಿಸುತ್ತಾರೆ. ಇಲ್ಲಿ ನೀರು ಏರುವುದು ನಿಧಾನ, ಇಳಿಯುವುದು ಬೇಗ, ಹಾಗಾಗಿ ಮಧ್ಯಾಹ್ನ ಮೂರರೊಳಗೆ ವಾಪಸ್. ಗಮ್‌ಬೂಟು ನನ್ನ ಹತ್ತಿರ ಎರಡು ಜೊತೆ ಇದೆ, ಕಾಲಿನ ಅಳತೆ ಮೊದಲೇ ಹೇಳಿ.