ಫೋನಿನಲ್ಲಿ ಎಳೆಯಲಾಗದ ಗೆರೆ

ಅಮೆರಿಕದ ಒಂದು ಆನ್‌ಲೈನ್ ಹೈಸ್ಕೂಲಿನಲ್ಲಿ ನಾನು ಆಲ್ಜಿಬ್ರಾ ಕಲಿಸುತ್ತೇನೆ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ನಮ್ಮ ಸರ್ಕಾರಿ ಶಾಲೆ ಇದ್ದ ಹಾಗೆ, ಫೀಸಿಲ್ಲ. ಅದರಲ್ಲೂ ನಮ್ಮದು ‘ಆಲ್ಟರ್ನೇಟಿವ್’. ಮಾಮೂಲಿ ಶಾಲೆಯಲ್ಲಿ ಯಾವುದೋ ಕಾರಣಕ್ಕೆ ಹೊಂದಿಕೊಳ್ಳಲು ಆಗದವರು ಇಲ್ಲಿಗೆ ಬರುತ್ತಾರೆ. ಫೇಲಾಗಿ ಕ್ರೆಡಿಟ್ (ವಿಷಯ ಪಾಸಾದರೆ ಸಿಗುವ ಅಂಕ, ಹೈಸ್ಕೂಲ್ ಮುಗಿಸಲು ಇಂತಿಷ್ಟು ಬೇಕು) ಕಳೆದುಕೊಂಡವರು, ಕಾಯಿಲೆ ಬಿದ್ದವರು, ಕಂಕುಳಲ್ಲಿ ಮಗು ಇರುವ ಹುಡುಗಿಯರು, ಮನೆಗೆ ದುಡ್ಡು ಬೇಕು ಅಂತ ದುಡಿಯುವ ಹುಡುಗರು. ವರ್ಷದ ಯಾವ ತಿಂಗಳಲ್ಲಿ ಬಂದರೂ ಸೇರಿಸಿಕೊಳ್ಳುತ್ತೇವೆ.

ಬೆಂಚಿಲ್ಲ, ಬೆಲ್ಲಿಲ್ಲ. ಮೇಷ್ಟ್ರಿಗೆ ಕಾಣುವುದು ಒಂದು ಪಟ್ಟಿ ಮಾತ್ರ. ಎಡಗಡೆ ಹೆಸರು, ಬಲಗಡೆ ಅಂಕಿ. ನನ್ನ ಮೊದಲ ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಅದನ್ನು ತೆರೆದರೆ ಕೆಂಪೋ ಕೆಂಪು. ಸೊನ್ನೆ, ಸೊನ್ನೆ, ಸೊನ್ನೆ. ಇವರಿಗೆ ಆಸಕ್ತಿಯೇ ಇಲ್ಲ ಅಂತ ತೀರ್ಮಾನಿಸಿಬಿಟ್ಟೆ. ವಿಡಿಯೊ ಪಾಠಗಳನ್ನು ಇನ್ನಷ್ಟು ಚೆಂದ ಮಾಡಿದೆ. ಬಹುಮಾನದ ಬ್ಯಾಡ್ಜ್ ಇಟ್ಟೆ. ಉದ್ದುದ್ದ ಇಮೇಲ್ ಬರೆದೆ. ಇಮೇಲ್ ಓದುವ ಹದಿನೇಳರ ಹುಡುಗನನ್ನು ನಾನಿನ್ನೂ ನೋಡಿಲ್ಲ, ಆದರೂ ಬರೆದೆ.

ಒಬ್ಬ ಹುಡುಗನ ಲೆಕ್ಕ ಮಾತ್ರ ಬಗೆಹರಿಯಲಿಲ್ಲ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ವಾರಕ್ಕೆ ನಾಲ್ಕು ರಾತ್ರಿ ಒಂದೂವರೆ, ಒಂದೂಮುಕ್ಕಾಲಿಗೆ ಲಾಗಿನ್ ಆಗುತ್ತಿದ್ದ. ಹತ್ತು ಹನ್ನೆರಡು ನಿಮಿಷ ಇದ್ದು ಹೋಗುತ್ತಿದ್ದ. ಏನೂ ಸಲ್ಲಿಸುತ್ತಿರಲಿಲ್ಲ. ‘ಸ್ವಲ್ಪ ಜಾಸ್ತಿ ಹೊತ್ತು ಕೂತು ನೋಡು’ ಅಂತ ನಾನು ಬುದ್ಧಿ ಹೇಳಿ ಬರೆದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೂರನೇ ಸಲ ಫೋನ್ ಮಾಡಿದಾಗ ಎತ್ತಿದ.

“ಮಿಸ್, ಆ ಗೆರೆ ಎಳೆಯೋಕೆ ಆಗಲ್ಲ” ಅಂದ.

ಪಾಠ ಅರ್ಥವಾಗಿಲ್ಲ ಅಂದುಕೊಂಡು ನಾನು ಸ್ಲೋಪ್ (ಗೆರೆಯ ಓರೆ) ಅಂದರೇನು ಅಂತ ಶುರುಮಾಡಿದೆ. “ಅದು ಗೊತ್ತು ಮಿಸ್. ಗೆರೆ ಎಳೆಯೋಕೆ ಆಗಲ್ಲ” ಅಂತ ಮತ್ತೆ ಅದನ್ನೇ ಹೇಳಿದ. ಶಾಲೆ ಕೊಟ್ಟ ಲ್ಯಾಪ್‌ಟಾಪಿನ ಚಾರ್ಜರ್ ಕೆಟ್ಟು ತಿಂಗಳಾಗಿತ್ತು. ಹೇಳಿದರೆ ದುಡ್ಡು ಕಟ್ಟು ಅಂತಾರೇನೋ ಅನ್ನುವ ಭಯಕ್ಕೆ ಸುಮ್ಮನಿದ್ದ. ಕೆಲಸದ ಬಿಡುವಿನಲ್ಲಿ ಫೋನಿನಲ್ಲೇ ಪಾಠ ತೆರೆಯುತ್ತಿದ್ದ.

ಆವತ್ತು ರಾತ್ರಿ ನನ್ನ ಪಾಠವನ್ನು ನಾನೇ ವಿದ್ಯಾರ್ಥಿಯಾಗಿ ಫೋನಿನಲ್ಲಿ ತೆರೆದೆ. ಮೂರನೇ ಪ್ರಶ್ನೆ: y = 2x + 1 ರ ಗೆರೆ ಎಳೆಯಿರಿ. ಎರಡು ಚುಕ್ಕೆಗಳನ್ನು ಹಿಡಿದು ಜಾಗಕ್ಕೆ ತಂದು ಬಿಡಬೇಕು. ಚುಕ್ಕೆಯ ಮೇಲೆ ಬೆರಳಿಟ್ಟು ಎಳೆದರೆ ಇಡೀ ಪುಟವೇ ಮೇಲೆ ಜಾರುತ್ತದೆ, ಚುಕ್ಕೆ ಇದ್ದಲ್ಲೇ ಇರುತ್ತದೆ. ಹೇಗೋ ಒಂದು ಚುಕ್ಕೆ ಸರಿಸಿದೆ, ಇನ್ನೊಂದು ಪರದೆಯ ಆಚೆ ಹೋಯಿತು. ಇಪ್ಪತ್ತೈದು ನಿಮಿಷ ಒದ್ದಾಡಿದೆ. ಗಣಿತದ ಟೀಚರ್ ನಾನು, ನನ್ನ ಕೈಯಲ್ಲೇ ಆಗಲಿಲ್ಲ! ಆ ಪ್ರಶ್ನೆ ಸರಿಯಾಗದೆ ಮುಂದಿನದು ತೆರೆಯುವುದೇ ಇಲ್ಲ. ಅಂದರೆ ಅವನ ಪಾಲಿಗೆ ಅಲ್ಲಿಂದಾಚೆಗಿನ ಪಾಠವೆಲ್ಲ ಬೀಗ ಹಾಕಿದ ಮನೆ.

ಈ ಬೀಗದ ಹಿಂದೆ ಒಳ್ಳೆಯ ಯೋಚನೆಯೇ ಇದೆ ಅನ್ನಿ. ಒಂದು ಪಾಠ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬಾರದು ಅನ್ನುವುದನ್ನು ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ಮಾಸ್ಟರಿ ಲರ್ನಿಂಗ್ ಅಂತ ವಿವರಿಸಿದ್ದರು. ಆದರೆ ಅವರ ಯೋಜನೆಯಲ್ಲಿ ಎಡವಿದ ಮಗುವಿಗೆ ಎಲ್ಲಿ ತಪ್ಪಾಯಿತು ಅಂತ ತೋರಿಸಿ, ಬೇರೆ ರೀತಿಯಲ್ಲಿ ಮತ್ತೆ ಕಲಿಸುವುದೂ ಸೇರಿತ್ತು. ನಾವು ಬೀಗವನ್ನಷ್ಟೇ ಇಟ್ಟುಕೊಂಡು ಕಲಿಸುವುದನ್ನು ಬಿಟ್ಟಿದ್ದೆವು.

ಮರುದಿನ ಆ ಪ್ರಶ್ನೆ ಬದಲಾಯಿಸಿದೆ. ಯಾವುದಾದರೂ ಕಾಗದದ ಮೇಲೆ ಗೆರೆ ಎಳೆದು ಫೋಟೊ ಕಳಿಸಿದರೆ ಸಾಕು ಅಂದೆ. ಎರಡನೇ ರಾತ್ರಿಗೇ ಫೋಟೊ ಬಂತು. ಪಾರ್ಸೆಲ್ ಡಬ್ಬಿಯ ರಟ್ಟಿನ ಮೇಲೆ ಮಾರ್ಕರಿನಲ್ಲಿ ಎಳೆದ ಗೆರೆ. ಗೆರೆ 1ರಿಂದ ಶುರುವಾಗಿತ್ತು, ಅದು ಸರಿ. ಆದರೆ ಬಲಕ್ಕೆ ಒಂದು ಹೋಗಿ ಮೇಲೆ ಎರಡು ಹತ್ತುವ ಬದಲು, ಬಲಕ್ಕೆ ಎರಡು ಹೋಗಿ ಮೇಲೆ ಒಂದು ಹತ್ತಿದ್ದ. ಅಷ್ಟು ವಾರದಲ್ಲಿ ಅವನ ಗಣಿತದ ತಪ್ಪೊಂದು ನನ್ನ ಕಣ್ಣಿಗೆ ಬಿದ್ದಿದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ ಸೊನ್ನೆ ನೋಡಿದ್ದೆ. ತಪ್ಪು ಸಿಕ್ಕರೆ ತಿದ್ದಬಹುದು, ಸೊನ್ನೆಯನ್ನು ಹೇಗೆ ತಿದ್ದುವುದು? ಎರಡು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಅದು ಸರಿಹೋಯಿತು.

ಆಮೇಲೆ ಕೌನ್ಸೆಲರ್ ಜೊತೆ ಕೂತು ಕೆಂಪು ಹೆಸರುಗಳಿಗೆಲ್ಲ ಒಂದೊಂದಾಗಿ ಫೋನ್ ಹಚ್ಚಿದೆವು. ‘ಯಾಕೆ ಮಾಡಿಲ್ಲ’ ಅಂತ ಕೇಳಲಿಲ್ಲ, ‘ಈಗ ತೆರೆದು ತೋರಿಸು, ಎಲ್ಲಿ ನಿಂತಿದೆ ನೋಡೋಣ’ ಅಂದೆವು. ಪಾಸ್‌ವರ್ಡ್ ಮರೆತವರು ಇದ್ದರು. ಡೇಟಾ ಮುಗಿದವರು ಇದ್ದರು. ಒಬ್ಬ ಹುಡುಗಿಗೆ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಸಮಯ ಕೊಡಬೇಕು ಅಂತ ಅವಳ ಐಇಪಿಯಲ್ಲೇ ಬರೆದಿತ್ತು. ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಾನೂನಿನ ಪ್ರಕಾರ ಮಾಡುವ ಕಲಿಕೆಯ ಯೋಜನೆ ಅದು, ಮುರಿಯುವ ಹಾಗಿಲ್ಲ. ಆದರೆ ಕ್ವಿಜ್‌ನ ಟೈಮರನ್ನು ಯಾರೂ ಬದಲಾಯಿಸಿರಲಿಲ್ಲ. ಮೂವತ್ತು ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಯಾರೂ ಅಂದರೆ ನಾನೇ.

ನಿಜವಾದ ಜಗಳ ನಡೆದಿದ್ದು ಸೊನ್ನೆಯ ಬಗ್ಗೆ. ನಡುವೆ ಬಂದು ಸೇರಿದ ಮಗುವಿಗೆ ಹಿಂದಿನ ಕೆಲಸಕ್ಕೆಲ್ಲ ಸಾಫ್ಟ್‌ವೇರ್ ತಾನೇ ಸೊನ್ನೆ ಹಾಕುತ್ತಿತ್ತು. ಸೆಮಿಸ್ಟರಿಗೆ 30 ಅಸೈನ್‌ಮೆಂಟ್, ಬರುವಷ್ಟರಲ್ಲಿ 12 ಮುಗಿದಿವೆ ಅನ್ನಿ. ಉಳಿದ 18ಕ್ಕೂ ನೂರಕ್ಕೆ ನೂರು ತೆಗೆದರೆ ಸರಾಸರಿ 60. ನಮ್ಮಲ್ಲಿ ಪಾಸಿಗೆ ಬೇಕಾದ್ದೇ 60. ಅಂದರೆ ಒಂದೇ ಒಂದು ತಪ್ಪು ಮಾಡಿದರೂ ಆ ಮಗು ಫೇಲು. ಮಕ್ಕಳಿಗೆ ಆಲ್ಜಿಬ್ರಾ ಬರದಿದ್ದರೂ ಈ ಲೆಕ್ಕ ಚೆನ್ನಾಗಿ ಬರುತ್ತದೆ. ಮೊದಲ ದಿನವೇ ಪರದೆ ನೋಡಿ ಕೈಬಿಡುತ್ತಾರೆ.

“ಕೆಲಸ ಮಾಡದವರಿಗೆ ಸುಮ್ನೆ ಯಾಕೆ ರಿಯಾಯಿತಿ?” ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಮಾತಲ್ಲೂ ಅರ್ಥ ಇತ್ತು. ಗಡುವೇ ಇಲ್ಲದಿದ್ದರೆ ಎಲ್ಲರೂ ಕೊನೆಯ ವಾರಕ್ಕೆ ತಳ್ಳುತ್ತಾರೆ. ಕೊನೆಗೆ ಹೀಗೆ ಒಪ್ಪಿಕೊಂಡೆವು: ಸೇರುವ ಮುಂಚಿನದಕ್ಕೆ ವಿನಾಯಿತಿ, ಸೇರಿದ ಮೇಲಿನದಕ್ಕೆ ಎರಡು ವಾರದ ತನಕ ಖಾಲಿ ಜಾಗ, ಆಮೇಲೆ ಸೊನ್ನೆ. ವಿನಾಯಿತಿ ಕೊಟ್ಟ ಪಾಠದಲ್ಲಿ ಬೇಕೇ ಬೇಕಾದದ್ದನ್ನು ಫೋನಿನಲ್ಲಿ ಕೇಳಿ ನೋಡುವುದು. ಈ ಐದು ನಿಮಿಷದ ಮೌಖಿಕ ಇನ್ನೊಂದಕ್ಕೂ ಅನುಕೂಲವಾಯಿತು. ಆ್ಯಪಿನಿಂದ ಉತ್ತರ ನಕಲು ಮಾಡಿದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಆರು ವಿಷಯ ಒಟ್ಟಿಗೆ ಕೊಡುವುದನ್ನೂ ಬಿಟ್ಟೆವು. ಒಂದು ಕ್ರೆಡಿಟ್ ಅಂದರೆ ವರ್ಷಕ್ಕೆ 120 ಗಂಟೆ ಅನ್ನುವ ಕಾರ್ನೆಗಿ ಯೂನಿಟ್ ಲೆಕ್ಕ 1906ರ ಕಾಲದ್ದು. ಈಗ ಅನೇಕ ರಾಜ್ಯಗಳಲ್ಲಿ ಗಂಟೆ ಎಣಿಸದೆ, ಕಲಿತದ್ದನ್ನು ತೋರಿಸಿದರೂ ಕ್ರೆಡಿಟ್ ಸಿಗುತ್ತದೆ. ಹಾಗಾಗಿ ಒಮ್ಮೆಗೆ ಎರಡೇ ವಿಷಯ, ಮುಗಿದ ಮೇಲೆ ಮುಂದಿನ ಎರಡು. ಎರಡು ವರ್ಷದಿಂದ ಏನೂ ಪಾಸಾಗದ ಹುಡುಗನ ಕೈಗೆ ಏಳೆಂಟು ವಾರದಲ್ಲಿ ಅರ್ಧ ಕ್ರೆಡಿಟ್ ಬಂದರೆ, ಮಾರನೇ ದಿನ ಅವನೇ ಮೆಸೇಜ್ ಮಾಡುತ್ತಾನೆ. ಲೈವ್ ಕ್ಲಾಸ್ ಕಡ್ಡಾಯ ಮಾಡಿಯೂ ನೋಡಿದೆವು. ಹಾಜರಿ ಏರಿತು, ಅಂಕ ಏರಲಿಲ್ಲ.

ಸರ್ಕಾರದ ಅಂಕಿಅಂಶದಲ್ಲಿ ನಾವೇನೂ ಮಿಂಚಿಲ್ಲ. ಒಂಬತ್ತನೇ ತರಗತಿಗೆ ಸೇರಿದ ನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳು ಹೈಸ್ಕೂಲ್ ಮುಗಿಸಿದರು ಅನ್ನುವುದೇ ಇಲ್ಲಿನ ಮುಖ್ಯ ಅಳತೆ. 2015ರ ಕೇಂದ್ರ ಕಾಯ್ದೆಯ ಪ್ರಕಾರ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಮುಗಿಸದಿದ್ದರೆ ಶಾಲೆ ‘ಸುಧಾರಿಸಬೇಕಾದ’ ಪಟ್ಟಿಗೆ ಬೀಳುತ್ತದೆ. ಹದಿನೇಳಕ್ಕೆ ಆರೇ ಕ್ರೆಡಿಟ್ ಹಿಡಿದು ಬಂದವನು ನಮ್ಮಲ್ಲಿ ಎಷ್ಟು ಓದಿದರೂ ಐದನೇ ವರ್ಷಕ್ಕೆ ಮುಗಿಸಬಹುದು, ನಾಲ್ಕು ವರ್ಷದ ಲೆಕ್ಕದಲ್ಲಿ ಅವನು ಮುಗಿಸದವನೇ. ಆ ಅಳತೆ ಇರಲಿ, ಇಲ್ಲದಿದ್ದರೆ ಇಂಥ ಶಾಲೆಗಳಿಗೆ ಮಕ್ಕಳನ್ನು ದೂಡಿ ಮರೆತುಬಿಡುತ್ತಾರೆ. ಆದರೆ ನನ್ನ ಸೋಮವಾರದ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ. ನಾನು ನೋಡುವುದು ಒಂದೇ: ಹೋದ ವಾರ ಏನೂ ಕಳಿಸದವರು ಯಾರು, ಅವರಿಗೆ ಫೋನ್ ಮಾಡಿದ್ದು ಯಾರು.

ರಟ್ಟಿನ ಹುಡುಗ ಆಲ್ಜಿಬ್ರಾದಲ್ಲಿ 71 ತೆಗೆದ. ಈಗ ಜಿಯಾಮೆಟ್ರಿಯಲ್ಲಿದ್ದಾನೆ. ಹೊಸ ಚಾರ್ಜರ್ ಸಿಕ್ಕಿದೆ, ಆದರೂ ಫೋಟೊನೇ ಕಳಿಸುತ್ತಾನೆ. ಪ್ರತಿ ಸೆಮಿಸ್ಟರಿಗೂ ಮುಂಚೆ ನನ್ನ ಕೋರ್ಸನ್ನು ಪೂರ್ತಿ ಫೋನಿನಲ್ಲಿ ಮಾಡಿ ನೋಡುತ್ತೇನೆ. ಕಳೆದ ವಾರ ಪಕ್ಕದ ವಿಜ್ಞಾನದ ಕೋರ್ಸನ್ನೂ ತೆರೆದೆ. ಎರಡನೇ ಲ್ಯಾಬಿನಲ್ಲಿ ಥರ್ಮಾಮೀಟರನ್ನು ಬೀಕರಿನೊಳಗೆ ಎಳೆದು ಬಿಡಬೇಕಂತೆ. ನನ್ನ ಬೆರಳಿಗಂತೂ ಅದು ಜಗ್ಗಲಿಲ್ಲ. ನಾಳೆ ಆ ಟೀಚರಿಗೆ ಹೇಳಬೇಕು.